ಸೀಕಿನ ಪಾಲು

ನಮ್ಮ ಮನೆಯಲ್ಲಿ ಹದಿನಾರು ವರ್ಷದಿಂದ ಏನೂ ತಳ ಹತ್ತಿಲ್ಲ. ಇದನ್ನು ನನ್ನ ಹೆಂಡತಿ ಶಾರದ ಹೆಮ್ಮೆಯಿಂದ ಹೇಳುತ್ತಾಳೆ, ನಾನು ವ್ಯಥೆಯಿಂದ ಹೇಳುತ್ತೇನೆ. ಅವಳ ಪಾತ್ರೆಗಳಿಗೆಲ್ಲ ಕಪ್ಪು ಲೇಪ, ಅವಕ್ಕೆ ಮರದ ಸೌಟು. ಅಡುಗೆಮನೆಗೆ ನಾನು ಹೊಕ್ಕರೆ ಸಾಕು, 'ಸ್ಟೀಲ್ ಚಮಚ ಮುಟ್ಟಬೇಡಿ' ಎಂದು ಒಳಕೋಣೆಯಿಂದಲೇ ಕೂಗು ಬರುತ್ತದೆ. ಅನ್ನ ಜಾರುತ್ತದೆ, ಉಪ್ಪಿಟ್ಟು ಜಾರುತ್ತದೆ, ದೋಸೆಯಂತೂ ಕಾವಲಿಯ ಮೇಲೆ ಸ್ಕೇಟಿಂಗ್ ಮಾಡುತ್ತದೆ. ತಳದಲ್ಲಿ ಏನೂ ಉಳಿಯುವುದಿಲ್ಲ.

ಆದ್ದರಿಂದ ಹೋದ ವರ್ಷ ಒಂದು ಭಾನುವಾರ ಮಧ್ಯಾಹ್ನ, ಪೇಪರ್ ಮುಖದ ಮೇಲೆ ಹಾಕಿಕೊಂಡು ಮಲಗಿದ್ದವನ ಕಿವಿಗೆ ಕೆಳಗಿನಿಂದ 'ಕರ್ರ್, ಕರ್ರ್' ಎಂಬ ಸದ್ದು ಬಿದ್ದಾಗ ಎದ್ದು ಕೂತೆ. ಲೋಹದ ಸೌಟಿನಿಂದ ದಪ್ಪ ತಳದ ಪಾತ್ರೆಯನ್ನು ಯಾರೋ ಮನಸ್ಸಿಟ್ಟು ಕೆರೆಯುತ್ತಿದ್ದರು. ಇಂಥ ವಿಷಯದಲ್ಲಿ ನನ್ನ ಕಿವಿ ಮೋಸ ಹೋಗುವುದಿಲ್ಲ. ಹೊಸೂರಿನ ಮೂಕಂಡಪಲ್ಲಿಯ ಒಂದು ಎರಕದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ನನ್ನ ಕೆಲಸವೇ ಸದ್ದು ಕೇಳುವುದು. ಎರಕದ ತುಂಡನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತೇನೆ. 'ಣಿಂಗ್' ಎಂದರೆ ಪಾಸ್, 'ಡಬ್' ಎಂದರೆ ಒಳಗೆಲ್ಲೋ ಬಿರುಕು, ರಿಜೆಕ್ಟ್. ಈ ಚಾಳಿ ಮನೆಗೂ ಬಂದಿದೆ. ತೆಂಗಿನಕಾಯಿ, ಕಲ್ಲಂಗಡಿ, ಬಾಗಿಲು, ಒಮ್ಮೆ ಭಾವಮೈದನ ಹೊಸ ಕಾರು, ಎಲ್ಲವನ್ನೂ ತಟ್ಟಿ ನೋಡಿ ಬೈಸಿಕೊಂಡಿದ್ದೇನೆ.

ಸದ್ದು ಬಂದದ್ದು ನಮ್ಮ ಮನೆಯ ಕೆಳಗಿನ ಅಂಗಡಿಯಿಂದ. ಆಲಸನತ್ತಂನಲ್ಲಿ ನಮ್ಮದು ಮಹಡಿ ಮನೆ, ಕೆಳಗೊಂದು ಶಟರ್ ಅಂಗಡಿ. ಮೊದಲು ಅಲ್ಲಿ ಒಬ್ಬ ಟೈಲರ್ ಇದ್ದ. ಅವನು ಬಿಟ್ಟ ಮೇಲೆ ಮಂಜುನಾಥ ಬಂದು ಹೋಟೆಲ್ ತೆರೆದ. ಬೇರಿಕೆ ಕಡೆಯ ಹುಡುಗ, ಅಂದರೆ ನಮ್ಮೂರಿಗೆ ಎರಡೇ ಹೊಲ ಆಚೆ. ಪ್ರಯಾಣಿಕರ ಹಡಗಿನಲ್ಲಿ ಹನ್ನೊಂದು ವರ್ಷ ಅಡುಗೆ ಮಾಡಿದವನು. ಹಡಗು ಡೊಮಿನಿಕನ್ ರಿಪಬ್ಲಿಕ್ ಎಂಬ ದೇಶದ ಬಂದರಿಗೆ ಬಂದಾಗಲೆಲ್ಲ ಇಳಿದು ಒಂದೇ ಅಂಗಡಿಯಲ್ಲಿ ಉಣ್ಣುತ್ತಿದ್ದನಂತೆ. ಕೊನೆಗೆ ಆ ಅಂಗಡಿಯ ಅಡುಗೆಯವಳನ್ನೇ ಮದುವೆಯಾಗಿ ಕರೆದುಕೊಂಡು ಬಂದ. ಅವಳೇ ಯೋಕಾಸ್ತಾ. ಎತ್ತರದ ಆಳು, ಗುಂಗುರು ಕೂದಲು, ನಗು ಮಾತ್ರ ಮೂರನೇ ಬೀದಿಗೆ ಕೇಳುವಂಥದ್ದು. ಬಂದ ಎರಡೇ ತಿಂಗಳಲ್ಲಿ ತಮಿಳಿನಲ್ಲಿ ತರಕಾರಿ ಕೊಳ್ಳಲು, ತೆಲುಗಿನಲ್ಲಿ ಹಾಲಿನವನನ್ನು ಗದರಿಸಲು, ಕನ್ನಡದಲ್ಲಿ 'ಊಟ ಆಯ್ತಾ' ಎನ್ನಲು ಕಲಿತಿದ್ದಳು. ಹೊಸೂರಿನಲ್ಲಿ ಬದುಕಲು ಇದಕ್ಕಿಂತ ಹೆಚ್ಚೇನೂ ಬೇಕಾಗುವುದಿಲ್ಲ.

ವಾರವೆಲ್ಲ ಅಂಗಡಿಯಲ್ಲಿ ಇಡ್ಲಿ, ಪೂರಿ, ಊಟ. ಭಾನುವಾರ ಮಾತ್ರ ಯೋಕಾಸ್ತಾಳ ಅಡುಗೆ. ಬಾಗಿಲಲ್ಲಿ ಸ್ಲೇಟು ತೂಗುಹಾಕಿ 'ಡೊಮಿನಿಕನ್ ಮೀಲ್ಸ್' ಎಂದು ಬರೆದಿದ್ದರು. ಶಿಫ್ಟ್ ಮುಗಿಸಿ ಬಂದವರು ಅದನ್ನು ಓದಿ, ಅದು ಯಾವ ಜಿಲ್ಲೆಯಪ್ಪ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡು, ಕೊನೆಗೆ ಆಮ್ಲೆಟ್ ತಿಂದು ಹೋಗುತ್ತಿದ್ದರು.

ಅವತ್ತು ಸದ್ದಿನ ಬೆನ್ನು ಹತ್ತಿ ಕೆಳಗಿಳಿದವನು ಕಂಡದ್ದು ಒಲೆಯ ಮೇಲೆ ಕೂತ ಒಂದು ದುಂಡನೆಯ ಪಾತ್ರೆ. ದಪ್ಪ ಅಲ್ಯೂಮಿನಿಯಂ ಎರಕ, ಎರಡು ಕಿವಿ, ಬಳಸಿ ಬಳಸಿ ಬೆಳ್ಳಿಯಂತಾದ ಮೈ. ಕೈ ಸುಮ್ಮನಿರಬೇಕಲ್ಲ? ಬೆರಳ ಗೆಣ್ಣಿನಿಂದ ತಟ್ಟಿದೆ. 'ಣಿಂಗ್' ಎಂದಿತು. 'ಒಳ್ಳೆ ಎರಕ' ಎಂದೆ. ಬೆರಳು ಸುಟ್ಟದ್ದು ಆಮೇಲೆ ಗೊತ್ತಾಯಿತು.

ಯೋಕಾಸ್ತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಪಾತ್ರೆ ಅವಳ ಅಜ್ಜಿಯದಂತೆ. ಬೇರೆ ಸಾಮಾನನ್ನೆಲ್ಲ ಅಲ್ಲೇ ಬಿಟ್ಟು, ಇದೊಂದನ್ನು ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ನನ್ನನ್ನು ಕೂರಿಸಿ, ಬೆರಳಿಗೆ ಐಸ್ ಕೊಟ್ಟು, ಮುಂದೆ ತಟ್ಟೆ ಇಟ್ಟಳು.

ತಟ್ಟೆಯಲ್ಲಿದ್ದದ್ದು ಮಂಗೂ. ಹಸಿ ಬಾಳೆಕಾಯಿಯನ್ನು ಬೇಯಿಸಿ, ಬೆಣ್ಣೆ ಹಾಕಿ ನುಣ್ಣಗೆ ಅರೆದು, ಮೇಲೆ ಹುಳಿಯಲ್ಲಿ ನೆನೆಸಿ ಕೆಂಪಾದ ಈರುಳ್ಳಿ ಹರಡಿದ್ದರು. ಪಕ್ಕದಲ್ಲಿ ಮೊಟ್ಟೆ, ಹುರಿದ ಚೀಸ್. ನಮ್ಮ ಬೀದಿಯಲ್ಲಿ ಆ ಚೀಸ್ ಎಲ್ಲಿ ಸಿಗಬೇಕು? ಅದರ ಜಾಗದಲ್ಲಿ ಪನೀರ್ ಕೂತಿತ್ತು. ನಾನು ತಿನ್ನುವಾಗಲೂ ರಿಜೆಕ್ಟ್ ಮಾಡಲು ಕಾರಣ ಹುಡುಕುವವನು. ಮೊದಲ ತುತ್ತಿಗೆ ಹುಡುಕಿದೆ, ಎರಡನೆಯದಕ್ಕೂ ಹುಡುಕಿದೆ, ಅಷ್ಟರಲ್ಲಿ ತಟ್ಟೆ ಖಾಲಿಯಾಗಿತ್ತು.

ಇನ್ನೊಂದು ತಟ್ಟೆ ಕಟ್ಟಿಸಿಕೊಂಡು ಅವ್ವನಿಗೆ ತಂದುಕೊಟ್ಟೆ. ಅಪ್ಪ ಹೋದ ಮೇಲೆ ಅವ್ವ ನಮ್ಮ ಜೊತೆಗಿದ್ದಾಳೆ. ವಯಸ್ಸು ಎಪ್ಪತ್ತೆಂಟು, ಹಲ್ಲು ಒಂಬತ್ತು. ಬಂದಾಗಿನಿಂದ ಊಟವೆಂದರೆ ಹಕ್ಕಿಯ ಹಾಗೆ ಕೊಕ್ಕಿ ಎದ್ದುಬಿಡುತ್ತಿದ್ದಳು. ಡಾಕ್ಟರರು ಟಾನಿಕ್ ಬರೆದರು, ಶಾರದ ಬಗೆಬಗೆಯಾಗಿ ಮಾಡಿಕೊಟ್ಟಳು, ಯಾವುದಕ್ಕೂ ಅವ್ವನದು ಒಂದೇ ಮಾತು: 'ಯಾಕೋ ಸೇರಾಕಿಲ್ಲ ಕಣವ್ವ.' ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಅವತ್ತು ಮಂಗೂವನ್ನು ಬೆರಳಲ್ಲಿ ಒತ್ತಿ ನೋಡಿದಳು. ಸಣ್ಣ ಉಂಡೆ ಮಾಡಿ, ಈರುಳ್ಳಿಯ ಹುಳಿಯಲ್ಲಿ ಅದ್ದಿ, ಅಗಿಯದೆ ನುಂಗಿದಳು.

'ಬಾಳೆಕಾಯಿ ಮುದ್ದೆ ಕಣ್ಲಾ ಇದು!' ಎಂದಳು. 'ಇನ್ನೊಸಿ ಐತಾ?'

ಇನ್ನೊಸಿ! ನಾನು ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದೆ.

ಆಮೇಲೆ ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಅವ್ವ ಸೀರೆ ಬದಲಿಸಿ, ಗೋಡೆ ಹಿಡಿದು ಮೆಟ್ಟಿಲಿಳಿದು, ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂರತೊಡಗಿದಳು. ಅವರಿಬ್ಬರೂ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಮಾತಂತೂ ನಿಲ್ಲುತ್ತಿರಲಿಲ್ಲ. ಅವ್ವ ಅವಳನ್ನು ಯೋಗಮ್ಮ ಮಾಡಿಕೊಂಡಳು. ಯೋಕಾಸ್ತಾ ಅವ್ವನನ್ನು ಅವ್ವ ಎಂದೇ ಕರೆದಳು. ಅವರ ದೇಶದ ನಿತ್ಯದೂಟಕ್ಕೆ 'ಬಾವುಟ' ಎಂದು ಹೆಸರಂತೆ. ಅನ್ನ, ಕೆಂಪು ಕಾಳಿನ ಗೊಜ್ಜು, ಮಾಂಸ, ಮೂರೂ ಒಂದೇ ತಟ್ಟೆಯಲ್ಲಿ. ಚಳಿ ಶುರುವಾದ ಮೇಲೆ ಅವ್ವ ಕೆಂಪು ಕಾಳನ್ನು ಕೆಳಗಿಳಿಸಿ ಅವರೆಕಾಳು ಹಾರಿಸಿದಳು. ಆ ಭಾನುವಾರ ಮೊದಲ ಬಾರಿಗೆ ಗಿರಾಕಿಗಳು ಆಮ್ಲೆಟ್ ಕೇಳಲಿಲ್ಲ.

ಶಾರದಳೂ ಹಿಂದೆ ಬೀಳಲಿಲ್ಲ. ಯೋಕಾಸ್ತಾ ಒಂದು ಪಾನಕ ಮಾಡುತ್ತಾಳೆ, ಹಾಲಿಗೆ ಕಿತ್ತಳೆ ರಸ ಬೆರೆಸಿ. ಅದರ ಹೆಸರಿಗೆ 'ಕನಸು ಕಾಣುತ್ತಾ ಸಾಯುವುದು' ಎಂಬ ಅರ್ಥವಂತೆ. ಹಾಲಿಗೆ ಹುಳಿ ಬಿದ್ದರೆ ಒಡೆಯುತ್ತದೆಂದು ತಿಳಿದ ನಾವು ಬಾಯಿ ಬಿಟ್ಟುಕೊಂಡು ನೋಡಿದೆವು, ಒಡೆಯಲಿಲ್ಲ. ಕುಡಿದರೆ ಸಾಯುವಷ್ಟು ಚೆನ್ನಾಗಿತ್ತು. ಶಾರದ ಮಾರನೆಯ ದಿನವೇ ಮನೆಯಲ್ಲಿ ಮಾಡಿದಳು. ಎರಡೂ ಐಸಿನಷ್ಟು ತಣ್ಣಗಿರಬೇಕೆಂಬ ಗುಟ್ಟು ಅವಳಿಗೆ ತಿಳಿದಿರಲಿಲ್ಲ. ಆಗತಾನೆ ಕಾಯಿಸಿದ ಹಾಲಿಗೆ ರಸ ಹಿಂಡಿದಳು. ಎರಡು ದಿನ ನಾವು ಕಿತ್ತಳೆ ವಾಸನೆಯ ಪನೀರ್ ಪಲ್ಯ ತಿಂದೆವು, ಕನಸೇನೂ ಬೀಳಲಿಲ್ಲ.

ಇರಲಿ, ನಾನು ಹೇಳಹೊರಟದ್ದು ತಳ ಹತ್ತುವುದರ ಬಗ್ಗೆ. ಮುದ್ದೆಯ ಮಡಕೆಯಲ್ಲೋ ಅನ್ನದ ಪಾತ್ರೆಯಲ್ಲೋ ತಳಕ್ಕೆ ಹತ್ತಿ, ಕೆಂಪಗೆ ಗರಿಗರಿಯಾಗಿ ಉಳಿಯುತ್ತದಲ್ಲ, ಅದಕ್ಕೆ ನಾವು ಸೀಕು ಎನ್ನುತ್ತೇವೆ. ನಿಮ್ಮ ಕಡೆ ಬೇರೆ ಹೆಸರಿರಬಹುದು, ರುಚಿ ಅದೇ. ಚಿಕ್ಕವರಿದ್ದಾಗ ಅಕ್ಕ, ತಮ್ಮ ಮತ್ತು ನಾನು ಇದಕ್ಕಾಗಿ ನಾಯಿಗಳಂತೆ ಕಚ್ಚಾಡುತ್ತಿದ್ದೆವು. ಎಲ್ಲರೂ ಉಂಡಾದ ಮೇಲೆ ಅವ್ವ ಮಡಕೆ ಮುಂದಿಟ್ಟುಕೊಂಡು ಕೂರುತ್ತಿದ್ದಳು. ಕೆರೆಯುವ ಸದ್ದು ಕೇಳಿದರೆ ಸಾಕು, ಹಿತ್ತಲಲ್ಲಿದ್ದವರೂ ಹಾಜರು. ಅವ್ವ ಚೂರು ಚೂರೇ ಎಬ್ಬಿಸಿ ನಮ್ಮ ಅಂಗೈಗೆ ಹಾಕುತ್ತಿದ್ದಳು. ದೊಡ್ಡ ಚೂರು ನನಗೇ ಬರುತ್ತಿತ್ತು. ಅದು ಅವ್ವನ ಪ್ರೀತಿಯೆಂದು ನಾನು ತಿಳಿದಿದ್ದೆ, ನನ್ನ ಮೊಣಕೈಯ ಮಹಿಮೆ ಎಂದು ಅಕ್ಕ ತಿಳಿದಿದ್ದಳು. ಆ ಕಮಟು, ಆ ಕಹಿ ಮುಟ್ಟಿ ಮುಟ್ಟದಂಥ ರುಚಿ ನಾಲಗೆಯಲ್ಲಿ ಇನ್ನೂ ಇದೆ.

ಯೋಕಾಸ್ತಾಳ ಊರಿನಲ್ಲೂ ಸೀಕಿದೆ. ಹೆಸರು ಕೊಂಕೋನ್. ಆದರೆ ಇಲ್ಲಿಗೆ ಬಂದಾಗಿನಿಂದ ಅವಳಿಗೆ ಅದು ಸರಿಯಾಗಿ ಕೂಡಿಬಂದಿರಲಿಲ್ಲ. ನಮ್ಮ ಅಕ್ಕಿ ಬೇರೆ, ನೀರು ಬೇರೆ, ಗ್ಯಾಸಿನ ಉರಿ ಬೇರೆ. ಒಮ್ಮೆ ಅಂಟಾಗುತ್ತಿತ್ತು, ಒಮ್ಮೆ ಇದ್ದಲಾಗುತ್ತಿತ್ತು. ಆ ಕೆರೆಯುವ ಸದ್ದೆಲ್ಲ ಅವಳ ಸೋಲಿನ ಸದ್ದು ಎಂದು ನನಗೆ ತಿಳಿದದ್ದು ತಡವಾಗಿ.

ಮಾಗಿಯ ಒಂದು ಭಾನುವಾರ ಕೂಡಿಬಂತು. ಅವತ್ತು ಮಂಡಿನೋವೆಂದು ಅವ್ವ ಕೆಳಗಿಳಿದಿರಲಿಲ್ಲ. ಮಂಜುನಾಥ ಬಾಳೆ ಎಲೆ ಮುಚ್ಚಿದ ತಟ್ಟೆ ಹಿಡಿದು, ಬಹುಮಾನ ತರುವವನಂತೆ ಮೇಲೆ ಬಂದ. ಅವ್ವ ಎಲೆ ಸರಿಸಿದಳು. ಅಂಗೈಯಗಲದ ಕೆಂಪು ಚೂರುಗಳು, ಎಣ್ಣೆಯ ಹೊಳಪು. ನನ್ನ ಬಾಯಲ್ಲಿ ನೀರೂರಿತು.

'ಏನ್ಲಾ ಇದು ಮಂಜ?'

'ತಳದ್ದು ಅವ್ವ, ಸೀಕು. ಯೋಕಾ ನಿಮ್ಗೇ ಅಂತ ಎತ್ತಿಟ್ಟವ್ಳೆ.'

'ಮೇಲಿನ್ ಅನ್ನ ಯಾರಿಗಿಕ್ಕಿದ್ರಿ?'

'ಗಿರಾಕಿಗೋಳಿಗೆ.'

ಅವ್ವ ಎಲೆಯನ್ನು ಮೊದಲಿನಂತೆ ಮುಚ್ಚಿದಳು. 'ಬಂದೋರ್ ಹೋದೋರಿಗೆಲ್ಲ ಮೇಲಿಂದು, ನಂಗೆ ತಳದ್ದಾ? ನಾನೇನ್ ಆ ಮನೆ ಸೊಸೆನೇನ್ಲಾ? ತಗೊಂಡ್ ಹೋಗು.'

ಮಂಜುನಾಥ ನನ್ನ ಮುಖ ನೋಡಿದ, ನಾನು ತಟ್ಟೆಯ ಮುಖ ನೋಡಿದೆ. ತಟ್ಟೆ ಕೆಳಗಿಳಿದು ಹೋಯಿತು. ನನಗೆ ಸಿಟ್ಟೇ ಬಂತು.

'ಏನವ್ವ ನೀನು? ಸೀಕು ಅಂದ್ರೆ ನಾವು ಪ್ರಾಣ ಬಿಡ್ತಿದ್ವಿ. ಪ್ರೀತಿಯಿಂದ ಕಳಿಸಿದ್ದನ್ನ ಹಿಂಗಾ ಮಾಡೋದು?'

'ನೀವ್ ಪ್ರಾಣ ಬಿಡ್ತಿದ್ರಿ, ಸರಿ. ಅದ್ ಯಾರ್ದು ಅಂತ ಒಂದಿನಾನಾರ ಕೇಳಿದ್ಯಾ?'

'ಯಾರ್ದು?'

'ನಂದು ಕಣ್ಲಾ. ಅದು ನನ್ ಊಟ. ನಿಮ್ಮಜ್ಜಿ ಗಂಡಸ್ರಿಗಿಕ್ಕಿ, ನಿಮಗಿಕ್ಕಿ, ತಾನುಂಡು, ಮಡಕೆನ ನನ್ ಮುಂದಕ್ ತಳ್ತಿದ್ಳು. ತಳದಾಗೆ ಏನ್ ಉಳಿದೈತೋ ಅದು ಸೊಸೆಗೆ. ಉಣ್ಣಾನ ಅಂತ ಕೂತ್ರೆ ನೀವ್ ಮೂರ್ ಜನ ಅಂಗೈ ಚಾಚ್ಕೊಂಡ್ ಬತ್ತಿದ್ರಿ.'

'ಮತ್ತೆ ನೀನೇನ್ ತಿಂತಿದ್ದೆ?' ಎಂದೆ.

'ಒಂದಿನ ಇರ್ತಿತ್ತು, ಒಂದಿನ ಇರ್ತಿರ್ಲಿಲ್ಲ' ಎಂದು ಅವ್ವ ಗೋಡೆಯ ಕಡೆ ತಿರುಗಿ ಮಲಗಿದಳು.

ಐವತ್ತೆರಡು ವರ್ಷದವನಿಗೆ ತನ್ನ ಬಾಲ್ಯದ ಅತ್ಯಂತ ಸಿಹಿಯಾದ ನೆನಪು ಅವ್ವನ ತಟ್ಟೆಯಿಂದ ಕದ್ದದ್ದು ಎಂದು ಒಂದು ಮಧ್ಯಾಹ್ನ ತಿಳಿದರೆ ಹೇಗಾಗಬೇಕು? ದಿನಕ್ಕೆ ಸಾವಿರ ತುಂಡು ತಟ್ಟಿ ಒಳಗಿನ ಬಿರುಕು ಹೇಳುವ ಈ ಪಂಡಿತ, ಮನೆಯಲ್ಲೇ ಇದ್ದದ್ದನ್ನು ಒಮ್ಮೆಯೂ ತಟ್ಟಿ ನೋಡಿರಲಿಲ್ಲ. ಅವತ್ತು ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಅವ್ವ ಕೆಳಗೆ ಹೋಗುವುದನ್ನು ಬಿಟ್ಟಳು. ಬಾಳೆಕಾಯಿ ಮುದ್ದೆಯೂ ಬೇಡವಾಯಿತು, ಮತ್ತೆ ಹಳೆಯ 'ಸೇರಾಕಿಲ್ಲ' ಶುರುವಾಯಿತು. ಕೆಳಗೆ ಯೋಕಾಸ್ತಾ ಅನ್ನ ಬಡಿಸಿದ ಕೂಡಲೇ ಪಾತ್ರೆಗೆ ನೀರು ಸುರಿದು ನೆನೆಹಾಕುತ್ತಿದ್ದಳು. ಕೆರೆಯುವ ಸದ್ದಿನ ಜಾಗದಲ್ಲಿ 'ಚೊಯ್ಯ್' ಎಂಬ ನೀರಿನ ಸದ್ದು ಕೇಳುತ್ತಿತ್ತು. ಆ ನಗುವೂ ಮೂರನೇ ಬೀದಿಗೆ ಹೋಗುವುದು ನಿಂತಿತ್ತು. ಮೂರು ಭಾನುವಾರ ಹೀಗೇ ಕಳೆದವು. ನಾಲ್ಕನೆಯ ಭಾನುವಾರ ಬೆಳಿಗ್ಗೆ ಅವ್ವ ಅರ್ಧ ಇಡ್ಲಿಯನ್ನೂ ತಟ್ಟೆಯಲ್ಲಿ ಬಿಟ್ಟಾಗ ನಾನು ಚಪ್ಪಲಿ ಮೆಟ್ಟಿದೆ.

ಮಂಜುನಾಥನಿಗೆ ಎಲ್ಲವನ್ನೂ ಹೇಳಿದೆ. ಅಜ್ಜಿಯ ವಿಷಯ, ಮಡಕೆಯ ವಿಷಯ, ನನ್ನ ಅಂಗೈಯ ವಿಷಯ. ಅವನು ಹೆಂಡತಿಗೆ ಅವಳ ಭಾಷೆಯಲ್ಲಿ ಹೇಳಿದ. ಕೇಳುತ್ತಾ ಕೇಳುತ್ತಾ ಯೋಕಾಸ್ತಾ ಎರಡು ಕೈಯಿಂದ ತಲೆ ಹಿಡಿದುಕೊಂಡು, 'ಆಯ್, ದಿಯೋಸ್ ಮಿಯೋ' ಎಂದು ದೇವರನ್ನು ಕರೆದಳು. ಆಮೇಲೆ ಅಕ್ಕಿ ತೊಳೆಯಲು ಕೂತಳು.

ಮಧ್ಯಾಹ್ನ ಒಂದು ಗಂಟೆಗೆ ನಮ್ಮ ಬಾಗಿಲು ತೆರೆಯಿತು. ಮೊದಲು ಒಳಗೆ ಬಂದದ್ದು ಪಾತ್ರೆ. ಟವೆಲಿನಲ್ಲಿ ಕಿವಿ ಹಿಡಿದ ಯೋಕಾಸ್ತಾ ಅದರ ಹಿಂದೆ, ಅವರೆಕಾಳಿನ ಗೊಜ್ಜು ಹಿಡಿದ ಮಂಜುನಾಥ ಅವಳ ಹಿಂದೆ. ಮೇಲಿನ ಅನ್ನವನ್ನೆಲ್ಲ ತೆಗೆದಾಗಿತ್ತು. ಅವಳು ಅವ್ವನ ಮುಂದೆ ನೆಲದ ಮೇಲೆ ಕೂತು, ತಳವನ್ನು ತೋರಿಸಿ, ಜೋರಾಗಿ, ಉದ್ದವಾಗಿ ಏನೋ ಹೇಳಿದಳು. ಕಣ್ಣು ತುಂಬಿತ್ತು. ಮಂಜುನಾಥ ಕನ್ನಡ ಮಾಡಿದ.

'ಅವ್ವ, ಅವ್ಳ ಊರ್ನಾಗೆ ಇದು ಸೊಸೆಗಲ್ವಂತೆ. ಮನೆಗೆ ದೊಡ್ಡೋಳು ಯಾರೋ ಅವ್ರಿಗೆ. ಅವ್ಳಜ್ಜಿ ಮೊದ್ಲು ತಿಂದು, ಮನ್ಸಿದ್ರೆ ಮಿಕ್ಕೋರಿಗೆ ಕೊಡೋಳಂತೆ. ಮನ್ಸಿಲ್ದಿದ್ರೆ ಇಲ್ಲ. ಅಜ್ಜಿ ಹೋದ್ ಮ್ಯಾಲೆ ಇದನ್ನ ಯಾರಿಗೂ ಕೊಟ್ಟಿರ್ಲಿಲ್ವಂತೆ. ನಿಮ್ಗೇ ಕೊಟ್ಟಿದ್ದು.'

ಅವ್ವ ಪಾತ್ರೆಯೊಳಗೆ ಬಗ್ಗಿ ನೋಡಿದಳು. 'ದೊಡ್ಡೋಳಿಗಾ?' ಎಂದಳು.

'ಹೂನವ್ವ.'

'ಅದೆಲ್ಲೈತ್ಲಾ ಆ ಊರು?'

'ಸಮುದ್ರದ ಮಧ್ಯದಾಗೆ.'

'ಅದ್ಕೇ ನಮ್ಮತ್ತೆಗೆ ಗೊತ್ತಾಗ್ಲಿಲ್ಲ' ಎಂದು ಅವ್ವ ಕಿಸಕ್ಕನೆ ನಕ್ಕಳು.

ನಗು ಬಂದ ಮೇಲೆ ಅಧಿಕಾರವೂ ಬಂತು. ಯೋಕಾಸ್ತಾ ಸೌಟು ಎತ್ತಿ ಕೆರೆಯಲು ಹೊರಟರೆ, ಅವ್ವ ಅವಳ ಕೈಮೇಲೆ ಪಟ್ಟನೆ ಹೊಡೆದಳು. 'ಬ್ಯಾಡ ಕಣೆ ಯೋಗಮ್ಮ, ಪುಡಿಯಾಯ್ತದೆ. ಉರಿ ಸಣ್ಣಕ್ಕಿಟ್ಟು ಒಲೆ ಮ್ಯಾಲಿಕ್ಕು. ಮುಚ್ಬ್ಯಾಡ, ಮುಟ್ಬ್ಯಾಡ. ಅದು ತಾನಾಗೇ ಎದ್ ಬತ್ತದೆ.' ಕೆಂಡದ ಒಲೆಯ ಮುಂದೆ ಕಲಿತ ವಿದ್ಯೆ. ಮಂಜುನಾಥ ಅನುವಾದ ಮಾಡುವ ಮೊದಲೇ ಯೋಕಾಸ್ತಾ ಎದ್ದಿದ್ದಳು. ಶಾರದಳ ಅಡುಗೆಮನೆಯಲ್ಲಿ, ಕಪ್ಪು ಲೇಪದ ಪಾತ್ರೆಗಳೆಲ್ಲ ಕಪಾಟಿನಿಂದ ನೋಡುತ್ತಿರಲು, ಆ ಪಾತ್ರೆ ಒಲೆಯೇರಿತು. ನಾವೆಲ್ಲ ಸುತ್ತ ನಿಂತೆವು. ನನ್ನನ್ನು ಸದ್ದು ಕೇಳಲು ನೇಮಿಸಿದರು. ಮೊದಲು 'ಸುಯ್ಯ್' ಎಂದಿತು. ಆಮೇಲೆ 'ಚಿಟಿಚಿಟಿ' ಎಂದಿತು. ಕೊನೆಗೊಂದು ಸಣ್ಣ 'ಟಕ್'.

'ಬಿಟ್ಟಿತು' ಎಂದೆ.

ಯೋಕಾಸ್ತಾ ಪಾತ್ರೆ ಬಗ್ಗಿಸಿದಳು. ಕೊಂಕೋನ್ ಇಡಿಯಾಗಿ, ಬಟ್ಟಲಿನ ಆಕಾರದಲ್ಲೇ ತಟ್ಟೆಗೆ ಇಳಿಯಿತು. ಎಲ್ಲೂ ಕಪ್ಪಿಲ್ಲ, ಎಲ್ಲೂ ಬಿರುಕಿಲ್ಲ. ಉಗುರಿನಿಂದ ಮೆಲ್ಲಗೆ ತಟ್ಟಿ 'ಪಾಸ್' ಎಂದೆ. ಯೋಕಾಸ್ತಾ ನಕ್ಕಳು, ಆ ನಗು ಮೂರನೇ ಬೀದಿ ದಾಟಿರಬೇಕು. ಚಿಕ್ಕಂದಿನ ಸೀಕಿನ ವಾಸನೆ ಮೂಗಿಗೆ ಬರಲು ನಾನು ಡೊಮಿನಿಕನ್ ರಿಪಬ್ಲಿಕ್ ಬಳಸಿ ಬರಬೇಕಾಯಿತು. ಕೊಂಕಣ ಸುತ್ತಿ ಮೈಲಾರಕ್ಕೆ ಹೋಗುವುದು ಎಂದರೆ ಇದೇ.

ಅವ್ವ ಅಂಚಿನಿಂದ ಒಂದು ಚೂರು ಮುರಿದಳು. ಮುರಿದವಳೇ, ಅಭ್ಯಾಸ ನೋಡಿ, ಕೈಯನ್ನು ನನ್ನ ಕಡೆಗೆ ಚಾಚಿದಳು. ನನ್ನ ಅಂಗೈಯೂ ತಾನಾಗಿಯೇ ಮುಂದೆ ಹೋಗಿತ್ತು. ಅದನ್ನು ಹಿಂದಕ್ಕೆ ಎಳೆದುಕೊಂಡು ಬೆನ್ನ ಹಿಂದೆ ಕಟ್ಟಿಕೊಂಡೆ.

'ನೀನ್ ತಿನ್ನವ್ವ, ಅದು ನಿಂದು' ಎಂದೆ.

ಅವ್ವ ನನ್ನನ್ನೇ ನೋಡಿದಳು. ಆಮೇಲೆ ಆ ಚೂರನ್ನು ಗೊಜ್ಜಿನಲ್ಲಿ ಅದ್ದಿ ಬಾಯಿಗಿಟ್ಟಳು. ಇದ್ದ ಒಂಬತ್ತು ಹಲ್ಲಿನಲ್ಲಿ ಯಾವುದರ ಕೆಳಗೆ ಸಿಕ್ಕಿಸಿದಳೋ, 'ಕರುಂ' ಎಂಬ ಸದ್ದು ನಾಲ್ವರಿಗೂ ಕೇಳಿಸಿತು. ಕಣ್ಣು ಮುಚ್ಚಿ ಅಗಿದಳು. ಯೋಕಾಸ್ತಾ ಉಸಿರು ಹಿಡಿದು ಕೂತಿದ್ದಳು.

'ಇನ್ನೊಸಿ ತಳ ಹತ್ಬೇಕಿತ್ತು' ಎಂದು ಅವ್ವ ತೀರ್ಪು ಕೊಟ್ಟು ಎರಡನೆಯ ಚೂರು ಮುರಿದಳು.

ಆಮೇಲೆ ಮೂರನೆಯದು, ನಾಲ್ಕನೆಯದು. ಗಟ್ಟಿಯಾದದ್ದನ್ನು ಗೊಜ್ಜಿನಲ್ಲಿ ನೆನೆಸಿಟ್ಟು, ಅಷ್ಟರಲ್ಲಿ ಮೆತ್ತಗಾದದ್ದನ್ನು ಮುಗಿಸಿ, ಅವಸರವೇ ಇಲ್ಲದೆ ತಿಂದಳು. ಶಾರದ, ಮಂಜುನಾಥ, ಯೋಕಾಸ್ತಾ, ನಾನು, ನಾಲ್ಕು ಜನ ಸುತ್ತ ಕೂತು ಬಾಯಲ್ಲಿ ನೀರೂರಿಸಿಕೊಂಡು ನೋಡಿದೆವು. ಕೊನೆಯ ಚೂರು ಉಳಿದಾಗ ಅವ್ವ ಅದನ್ನು ಎತ್ತಿ ಹಿಡಿದು, ನಮ್ಮ ನಾಲ್ವರ ಮುಖವನ್ನೂ ಒಂದೊಂದಾಗಿ ನೋಡಿ, ತಾನೇ ತಿಂದಳು.